ಸಿಯಾಟಲಿನ ಗುಂಡನಿಗೆ, ಒಂದು ಲೋಟದ ವಿಚಾರವಾಗಿ

ಪ್ರಿಯ ಗುಂಡಾ,

ನಿನ್ನ ಉದ್ದನೆಯ ಧ್ವನಿಸಂದೇಶವನ್ನು ಪೂರ್ತಿಯಾಗಿ ಕೇಳಿದೆ. ಧ್ವನಿಯಲ್ಲೇ ಉತ್ತರಿಸಿದರೆ ನೀನು ಅದನ್ನು ದುಪ್ಪಟ್ಟು ವೇಗದಲ್ಲಿ ಓಡಿಸಿ ಕೇಳುವೆಯೆಂಬುದು ಗೊತ್ತಿರುವುದರಿಂದ ಪತ್ರವನ್ನೇ ಬರೆಯುತ್ತಿದ್ದೇನೆ, ಅದನ್ನೂ ನಾಲ್ಕು ಜನ ಓದುವಂತೆ ಬಹಿರಂಗವಾಗಿ. ನಾಲ್ಕು ಜನರೆದುರು ನೀನು ನನ್ನೊಡನೆ ಜಗಳಕ್ಕೆ ಬರುವುದಿಲ್ಲವೆಂಬುದು ವಾರ್ಡನ್ ಸಾಹೇಬರ ಸ್ವೆಟರಿನ ಪ್ರಕರಣದಲ್ಲಿಯೇ ಸಾಬೀತಾಗಿದೆ.

ನಿನ್ನ ವಾದವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. 2023ರ ಫೆಬ್ರುವರಿಯಲ್ಲಿ ನಿಮ್ಮೂರಿನ ನಗರಸಭೆ ಜಾತಿಯ ಆಧಾರದ ತಾರತಮ್ಯವನ್ನು ನಿಷೇಧಿಸಿ, ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರವೆನಿಸಿಕೊಂಡಿತಲ್ಲ, ಅದು ನಿನಗೆ ಇಂದಿಗೂ ಅತಿರೇಕವೆನಿಸುತ್ತದೆ. ಜಾತಿ ಇರುವುದು ಮನಸ್ಸಿನಲ್ಲಿ; ಓದು, ದೇಶಾಟನೆ, ಒಳ್ಳೆಯ ಸಂಬಳ ಇವೆಲ್ಲ ಸೇರಿ ಮನಸ್ಸನ್ನು ಬದಲಾಯಿಸುತ್ತವೆ; ಬದಲಾದ ಮನಸ್ಸಿಗೆ ಕಾನೂನಿನ ಹಂಗಿಲ್ಲ. ಇಷ್ಟು ಹೇಳಿದ ಮೇಲೆ, ನನ್ನ ಬಾಯಿ ಮುಚ್ಚಿಸುವುದಕ್ಕೆಂದೇ ಇರಬೇಕು, ಅಂಬೇಡ್ಕರರೂ ಜಾತಿಯನ್ನು ಮನಸ್ಸಿನ ಒಂದು ಸ್ಥಿತಿಯೆಂದೇ ಕರೆದಿದ್ದಾರೆಂದು ಸೇರಿಸಿದ್ದೀಯೆ.

ಅವರು ಹಾಗೆ ಬರೆದದ್ದು ನಿಜ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲವು ಅವರನ್ನು ಅಧ್ಯಕ್ಷ ಭಾಷಣಕ್ಕೆ ಆಹ್ವಾನಿಸಿ, ಬರೆದುಕೊಟ್ಟ ಭಾಷಣವನ್ನು ಓದಿ ಬೆಚ್ಚಿ, ಸಮ್ಮೇಳನವನ್ನೇ ಕೈಬಿಟ್ಟಿತು. ಆಗ ಅವರು ತಮ್ಮ ಖರ್ಚಿನಲ್ಲಿಯೇ ಅಚ್ಚು ಹಾಕಿಸಿದ ಆ ಬರಹದಲ್ಲಿ, ಜಾತಿಯೆಂಬುದು ಇಟ್ಟಿಗೆಯ ಗೋಡೆಯೂ ಅಲ್ಲ, ಮುಳ್ಳುತಂತಿಯ ಬೇಲಿಯೂ ಅಲ್ಲ, ಅದೊಂದು ಭಾವನೆ, ಮನಸ್ಸಿನ ಸ್ಥಿತಿ ಎಂಬ ಮಾತು ಬರುತ್ತದೆ. ನೀನು ಅದನ್ನು ಸಮಾಧಾನದ ಮಾತಾಗಿ ಓದಿಕೊಂಡಿದ್ದೀಯೆ. ಅವರು ಬರೆದದ್ದು ಎಚ್ಚರಿಕೆಯಾಗಿ. ಗೋಡೆಯಾಗಿದ್ದರೆ ಹಾರೆ ಹಿಡಿದು ಕೆಡವಬಹುದಿತ್ತು. ಸಹಭೋಜನಗಳನ್ನೂ ಅಂತರ್ಜಾತಿ ವಿವಾಹಗಳನ್ನೂ ಸಂಘಟಿಸುವುದೆಂದರೆ ಒಲ್ಲದವರಿಗೆ ಬಲವಂತದಿಂದ ಉಣಿಸುವುದು, ಮೊದಲು ಜನರನ್ನು ಶಾಸ್ತ್ರದ ದಾಸ್ಯದಿಂದ ಬಿಡಿಸಿದರೆ ಆಮೇಲೆ ಯಾರೂ ಹೇಳದೆಯೇ ಅವರು ಒಟ್ಟಿಗೆ ಉಣ್ಣುತ್ತಾರೆ, ಸಂಬಂಧ ಬೆಳೆಸುತ್ತಾರೆ ಎಂಬುದು ಅವರ ತರ್ಕ.

ಅವರೆದುರು ವಾದಿಸುವ ಯೋಗ್ಯತೆ ನನಗಿಲ್ಲ. ಆದರೂ ನನ್ನ ತೊಡಕು ಶುರುವಾಗುವುದು ಸರಿಯಾಗಿ ಇಲ್ಲಿಯೇ. ನನ್ನ ಮಟ್ಟಿಗೆ ಶಾಸ್ತ್ರದ ದಾಸ್ಯ ಯಾವಾಗಲೋ ಮುಗಿದುಹೋದ ಕತೆ. ಜನಿವಾರವನ್ನು ಕಾಲೇಜಿನ ದಿನಗಳಲ್ಲಿಯೇ ಮೊಳೆಗೆ ತೂಗುಹಾಕಿದವನು ನಾನು. ಬಸವ ಜಯಂತಿಗೆ ಕರೆದಲ್ಲೆಲ್ಲ ಹೋಗಿ, ಹರಳಯ್ಯ ಮಧುವರಸರ ಮಕ್ಕಳ ಮದುವೆಯ ಪ್ರಸಂಗ ಬಂದಾಗ ಕಂಠ ಗದ್ಗದಗೊಳಿಸಿಕೊಂಡು ಶಾಲು ಹೊದಿಸಿಕೊಂಡು ಬರುವವನು. ಇಂಥವನಲ್ಲಿ ಇನ್ನೂ ಏನಾದರೂ ಉಳಿದಿದ್ದರೆ ಅದು ಶಾಸ್ತ್ರದಲ್ಲಿಲ್ಲ, ನಂಬಿಕೆಯಲ್ಲೂ ಇಲ್ಲ. ಹಾಗಾದರೆ ಎಲ್ಲಿದೆ?

ನನ್ನ ತರಗತಿಗಳನ್ನು ನೀನು ಎಷ್ಟೇ ಗೇಲಿ ಮಾಡಿದರೂ ಲಾಪಿಯೇರನ ಕತೆಯನ್ನು ಇನ್ನೊಮ್ಮೆ ಹೇಳಲೇಬೇಕು. ಅಮೆರಿಕದಲ್ಲಿ ಚೀನೀಯರ ವಲಸೆಯನ್ನು ತಡೆಯುವ ಕಾನೂನು ಇನ್ನೂ ಜಾರಿಯಲ್ಲಿದ್ದ 1930ರ ದಶಕದ ಆರಂಭದಲ್ಲಿ, ರಿಚರ್ಡ್ ಲಾಪಿಯೇರ್ ಎಂಬ ಸಮಾಜಶಾಸ್ತ್ರಜ್ಞ ಒಬ್ಬ ಚೀನೀ ತರುಣ ಮತ್ತು ಅವನ ಹೆಂಡತಿಯನ್ನು ಕರೆದುಕೊಂಡು ಕಾರಿನಲ್ಲಿ ಸುಮಾರು 10,000 ಮೈಲಿ ಸುತ್ತಿದ. ಮೂವರೂ ಒಟ್ಟು 251 ಹೋಟೆಲು, ವಸತಿಗೃಹಗಳ ಮೆಟ್ಟಿಲು ಹತ್ತಿದರು. ಇಲ್ಲವೆಂದು ಹಿಂದೆ ಕಳುಹಿಸಿದ್ದು ಒಂದೇ ಒಂದು ಕಡೆ. ತಿಂಗಳುಗಳು ಕಳೆದ ಮೇಲೆ ಅದೇ ಹೋಟೆಲುಗಳಿಗೆ ಆತ ಪತ್ರ ಬರೆದು, ನೀವು ಚೀನೀಯರನ್ನು ಅತಿಥಿಗಳಾಗಿ ಸೇರಿಸುತ್ತೀರಾ ಎಂದು ಕೇಳಿದ. ಉತ್ತರ ಬಂದದ್ದು 128 ಕಡೆಗಳಿಂದ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಸೇರಿಸುವುದಿಲ್ಲ ಎಂದೇ ಬರೆದಿದ್ದರು. 1934ರಲ್ಲಿ ಪ್ರಕಟವಾದ ಈ ವಿವರವನ್ನು ವರ್ಷಗಟ್ಟಲೆ ಪಾಠ ಮಾಡುತ್ತಾ, ಮನುಷ್ಯ ಕಾಗದದ ಮೇಲೆ ಕ್ರೂರಿ, ಎದುರಿಗೆ ನಿಂತಾಗ ಸೌಜನ್ಯವಂತ ಎಂದು ಹುಡುಗರಿಗೆ ವಿವರಿಸುತ್ತಾ ಬಂದಿದ್ದೇನೆ. ನಮ್ಮಂಥವರ ವಿಷಯದಲ್ಲಿ ಅದು ಪೂರ್ತಿ ತಲೆಕೆಳಗಾಗಿ ನಿಂತಿದೆಯೆಂದು ಈಗ ಅನ್ನಿಸುತ್ತಿದೆ. ನಾವು ಕಾಗದದ ಮೇಲೆ ಶರಣರು.

2011-12ರಲ್ಲಿ ದೇಶದಾದ್ಯಂತ 42,000ಕ್ಕೂ ಹೆಚ್ಚು ಕುಟುಂಬಗಳಲ್ಲಿ ನಡೆದ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ, ನಿಮ್ಮ ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರೆಯೇ ಎಂದು ನೇರವಾಗಿ ಕೇಳಿದ್ದರು; ಇಲ್ಲವೆಂದವರಿಗೆ, ಪರಿಶಿಷ್ಟ ಜಾತಿಯವರೊಬ್ಬರು ನಿಮ್ಮ ಅಡುಗೆಮನೆಗೆ ಬಂದರೆ, ನಿಮ್ಮ ಪಾತ್ರೆ ಬಳಸಿದರೆ ಪರವಾಗಿಲ್ಲವೇ ಎಂಬ ಇನ್ನೊಂದು ಪ್ರಶ್ನೆಯಿತ್ತು. ಒಂದಲ್ಲ ಒಂದು ರೂಪದಲ್ಲಿ ಆಚರಣೆಯಿದೆ ಎಂದು ತಾವಾಗಿಯೇ ಒಪ್ಪಿಕೊಂಡ ಕುಟುಂಬಗಳು ಶೇಕಡಾ 27. ಉಳಿದ 73ರಲ್ಲಿ ನಾನು ಸುಖವಾಗಿ ಇದ್ದೆ. ನೀನಂತೂ ಸಮುದ್ರದಾಚೆಯೇ ಇದ್ದೀಯೆ.

ಈಗ ಲೋಟದ ವಿಚಾರಕ್ಕೆ ಬರುತ್ತೇನೆ. ಈಚೆಗೆ ನಮ್ಮ ಮನೆಯ ಸೆಪ್ಟಿಕ್ ಟ್ಯಾಂಕ್ ತುಂಬಿ, ಅದನ್ನು ಖಾಲಿ ಮಾಡುವ ಗಾಡಿಯನ್ನು ಕರೆಸಬೇಕಾಯಿತು. ಗಾಡಿಯ ಜೊತೆ ಇಬ್ಬರು ಬಂದಿದ್ದರು. ಹೆಂಡತಿ ಊರಿನಲ್ಲಿರಲಿಲ್ಲವಾದ್ದರಿಂದ ಅವರಿಗೆ ಕಾಫಿ ಮಾಡುವ ಭಾಗ್ಯ ನನ್ನದಾಯಿತು. ನನ್ನ ಕಾಫಿಯ ವಿಷಯವಾಗಿ ನೀನು ಕಟ್ಟಿದ ಷಟ್ಪದಿಯನ್ನು ಇಲ್ಲಿ ಎತ್ತುವ ಅಗತ್ಯವಿಲ್ಲ. ಕಟ್ಟೆಯ ಮೇಲೆ ಸ್ಟೀಲ್ ಲೋಟಗಳು ಕಣ್ಣೆದುರೇ ಸಾಲಾಗಿದ್ದವು. ಆದರೆ ಕೈ ಮೇಲಿನ ಕಪಾಟಿಗೆ ಹೋಗಿ, ಮಗಳ ಸೀಮಂತದಲ್ಲಿ ಮಿಕ್ಕಿದ್ದ ಕಾಗದದ ಲೋಟಗಳ ಕಟ್ಟನ್ನು ತಡಕಾಡಿ ತೆಗೆಯಿತು. ಅಷ್ಟೇ ಆಗಿದ್ದರೆ ನಾನು ಇದನ್ನು ಗಮನಿಸುತ್ತಲೂ ಇರಲಿಲ್ಲ. ಕೈ ಆ ಕಟ್ಟನ್ನು ಬಿಚ್ಚುತ್ತಿರುವಾಗಲೇ ತಲೆಯೊಳಗೆ ಒಂದು ಸಮರ್ಥನೆ ಓಡತೊಡಗಿತ್ತು: ಅವರಿಗೂ ಇದೇ ಅನುಕೂಲ, ಕುಡಿದು ಎಸೆಯಬಹುದು, ತೊಳೆಯುವ ಗೋಜಿಲ್ಲ, ಹೈಜೀನ್ ದೃಷ್ಟಿಯಿಂದಲೂ ಒಳ್ಳೆಯದು. ಯಾರೂ ಏನನ್ನೂ ಕೇಳಿರಲಿಲ್ಲ. ಮನೆಯಲ್ಲಿ ಕೇಳುವವರೇ ಇರಲಿಲ್ಲ. ಉತ್ತರ ಮಾತ್ರ ಸಿದ್ಧವಾಗಿತ್ತು.

ಅದೇ ಸಂಜೆ ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಭಾರೀ ನೆಗಡಿ ಹಿಡಿದು, ಮೂಗು ಒರೆಸಿಕೊಳ್ಳುತ್ತಲೇ ಬಂದು ಕುಳಿತರು. ಅವರಿಗೆ ಸ್ಟೀಲ್ ಲೋಟದಲ್ಲಿಯೇ ಕಾಫಿ ಕೊಟ್ಟೆ. ಹೈಜೀನ್ ಆಗ ಎಲ್ಲಿಗೋ ಹೊರಟುಹೋಗಿತ್ತು.

ನಮ್ಮ ಅಜ್ಜಿಯ ಕಾಲದಲ್ಲಿ ಇದಕ್ಕೆ ಇಷ್ಟೆಲ್ಲ ಕಷ್ಟವಿರಲಿಲ್ಲ. ಹೊರಗಿನವರ ಲೋಟವೆಂದರೆ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು. ಅದಕ್ಕೆ ಕಾರಣವನ್ನು ಅಜ್ಜಿ ಯಾರಿಗೂ ಹೇಳಬೇಕಾಗಿರಲಿಲ್ಲ, ಅವರಿಗೆ ಅವರೇ ಹೇಳಿಕೊಳ್ಳಬೇಕಾಗಿಯೂ ಇರಲಿಲ್ಲ. ನನ್ನ ತಲೆಮಾರಿಗೆ ಆ ಗೂಡು ಹೋಯಿತು, ಕಾರಣದ ಅಗತ್ಯ ಬಂತು. 1977ರಲ್ಲಿ ನಿಸ್ಬೆಟ್ ಮತ್ತು ವಿಲ್ಸನ್ ಎಂಬಿಬ್ಬರು ಪ್ರಕಟಿಸಿದ ಒಂದು ಪ್ರಸಿದ್ಧ ಬರಹದಲ್ಲಿ, ಅಂಗಡಿಯೊಂದಕ್ಕೆ ಬಂದವರ ಮುಂದೆ ನೈಲಾನ್ ಕಾಲುಚೀಲಗಳ ನಾಲ್ಕು ಜೊತೆಗಳನ್ನು ಸಾಲಾಗಿ ಇಟ್ಟು ಒಳ್ಳೆಯದನ್ನು ಆರಿಸಿರೆಂದು ಕೇಳಿದ ಪ್ರಸಂಗವಿದೆ. ನಾಲ್ಕೂ ತದ್ರೂಪವಾಗಿದ್ದವು. ಉಳಿದವುಗಳಿಗಿಂತ ಬಲತುದಿಯದನ್ನೇ ಹೆಚ್ಚು ಮಂದಿ ಆರಿಸಿ, ನೇಯ್ಗೆ ಚೆನ್ನಾಗಿದೆ, ನಯವಾಗಿದೆ ಎಂದು ಕಾರಣ ಕೊಟ್ಟರಂತೆ. ಇಟ್ಟ ಜಾಗದ ಪ್ರಭಾವವನ್ನು ಯಾರೂ ಹೇಳಲಿಲ್ಲ, ಅದನ್ನು ಸೂಚಿಸಿದಾಗ ಬಹುತೇಕ ಯಾರೂ ಒಪ್ಪಲೂ ಇಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲವೆಂಬುದೇ ಆ ಪ್ರಯೋಗದ ಸ್ವಾರಸ್ಯ. ನನ್ನ ಹೈಜೀನ್ ಕೂಡ ಸುಳ್ಳಾಗಿರಲಿಲ್ಲ. ಆ ಕ್ಷಣದಲ್ಲಿ ನಾನದನ್ನು ಪೂರ್ತಿಯಾಗಿ ನಂಬಿದ್ದೆ. ಮಡಿಯೆಂದರೆ ನಗುವ ಮನೆಗಳೇ ಈಗ ರೋಗಾಣುವಿನ ಹೆಸರಿನಲ್ಲಿ ಕೆಲಸದವರ ತಟ್ಟೆಯನ್ನು ಬೇರೆಯಿಡುತ್ತವೆ, ಅಪಾರ್ಟ್‌ಮೆಂಟಿನಲ್ಲಿ ಅವರಿಗೆ ಬೇರೆ ಲಿಫ್ಟ್ ತೋರಿಸುತ್ತವೆ. ಹಳೆಯ ಕಾರಣ ಸತ್ತರೂ ನಡತೆ ವಿಧವೆಯಾಗುವುದಿಲ್ಲ ಗುಂಡಾ, ವರ್ಷ ತುಂಬುವ ಮೊದಲೇ ಇನ್ನೊಂದು ಕಾರಣವನ್ನು ಕಟ್ಟಿಕೊಳ್ಳುತ್ತದೆ.

ನೀನು ಬಾಟಲಿಯ ನೀರನ್ನು ಹೇಗೆ ಕುಡಿಯುತ್ತೀಯೆ ಎಂಬುದನ್ನು ಒಮ್ಮೆ ನೆನೆಸಿಕೋ. ತಲೆ ಹಿಂದಕ್ಕೆ ಬಾಗಿಸಿ, ಬಾಟಲಿಯನ್ನು ಗೇಣೆತ್ತರಕ್ಕೆ ಎತ್ತಿ, ತುಟಿಗೆ ತಾಗಿಸದೆ ಸುರಿದುಕೊಳ್ಳುವ ನಿನ್ನ ವಿದ್ಯೆಯನ್ನು ಆಫೀಸಿನವರು ಬಾಯಿಬಿಟ್ಟು ನೋಡಿದರೆಂದು ನೀನೇ ಹೆಮ್ಮೆಯಿಂದ ಹೇಳಿದ್ದೆ. ಅದನ್ನು ನಿನಗೆ ಯಾರು ಕಲಿಸಿದರು? ಎಂಜಲಿನ ಸಿದ್ಧಾಂತವನ್ನು ನಿನಗಾಗಲಿ ನನಗಾಗಲಿ ಯಾರೂ ಕೂರಿಸಿ ಬೋಧಿಸಲಿಲ್ಲ. ಏಯ್ ಎಂಬ ಒಂದು ಗದರಿಕೆ, ಮುಸುರೆ ಕೈಯನ್ನು ಡಬ್ಬಿಗೆ ಹಾಕಿದಾಗ ಬಿದ್ದ ಒಂದು ಪೆಟ್ಟು, ಹೊರಗಿನಿಂದ ಬಂದೊಡನೆ ಕಾಲು ತೊಳೆಯೆಂದು ಬಚ್ಚಲಿಗೆ ತೋರಿಸಿದ ಒಂದು ಬೆರಳು, ಇವೇ ನಮ್ಮ ಗುರುಕುಲ. ಮಾತು ಕಲಿಯುವ ವಯಸ್ಸಿನಲ್ಲಿಯೇ ಗಂಟಲು, ಮೊಣಕೈ, ಮೂಗು ತಮ್ಮ ತಮ್ಮ ಪಾಠಗಳನ್ನು ಒಪ್ಪಿಸಿಬಿಟ್ಟಿದ್ದವು. ನಾವು ಮೈಸೂರಿಗೆ ಬಂದು ಓದಿ ವಿಚಾರವಂತರಾದಾಗ ಬದಲಾಯಿಸಿಕೊಂಡದ್ದು ಆಮೇಲೆ ಕಲಿತ ಭಾಗವನ್ನು, ಅಂದರೆ ಮಾತನ್ನು. ಮನಸ್ಸು ಬದಲಾಯಿತು ಎಂದು ನೀನು ಹೇಳುವಾಗ ಯಾವ ಮನಸ್ಸು ಎಂದು ನಾನು ಕೇಳುತ್ತಿರುವುದು ಈ ಕಾರಣಕ್ಕೆ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಾಲ್ ರೋಜಿನ್ ಅಸಹ್ಯದ ಮನಶ್ಶಾಸ್ತ್ರವನ್ನು ಹಲವು ದಶಕ ಅಧ್ಯಯನ ಮಾಡಿದವರು. ಅವರೂ ಸಂಗಡಿಗರೂ 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಸತ್ತ ಜಿರಲೆಯೊಂದನ್ನು ಚೆನ್ನಾಗಿ ಕ್ರಿಮಿರಹಿತಗೊಳಿಸಿ ಹಣ್ಣಿನ ರಸದಲ್ಲಿ ಅದ್ದಿ ತೆಗೆದರು. ರಸಕ್ಕೆ ಏನೂ ಆಗಿಲ್ಲವೆಂದು ಗೊತ್ತಿದ್ದರೂ ಜನ ಅದನ್ನು ಕುಡಿಯಲು ಹಿಂಜರಿದರು. ಒಮ್ಮೆ ತಾಗಿದ್ದು ಎಂದೆಂದಿಗೂ ತಾಗಿಯೇ ಇರುತ್ತದೆ ಎಂಬ ಲೆಕ್ಕವೊಂದು ಎಲ್ಲ ದೇಶದ ಮನುಷ್ಯರಲ್ಲೂ ಇರುವಂಥದ್ದೆಂದು ತೋರುತ್ತದೆ. ಯಾವುದು ತಾಗಿದರೆ ಎಂಬುದನ್ನು ಮಾತ್ರ ಆಯಾ ಸಂಸ್ಕೃತಿ ತುಂಬಿಕೊಡುತ್ತದೆ. ಇದನ್ನು ನಮ್ಮ ದೇಶದ ಅಳತೆಯಲ್ಲಿ ನೋಡಬೇಕೆಂದರೆ ಶೌಚಗುಂಡಿಯನ್ನು ನೋಡಬೇಕು. ಎರಡು ಗುಂಡಿಯ ಶೌಚಾಲಯದಲ್ಲಿ ತುಂಬಿದ ಗುಂಡಿಯನ್ನು ಮುಚ್ಚಿ ಒಂದಷ್ಟು ಕಾಲ ಬಿಟ್ಟರೆ ಒಳಗಿನದೆಲ್ಲ ಕೊಳೆತು ಗೊಬ್ಬರವಾಗುತ್ತದೆ, ಮನೆಯವರೇ ಎತ್ತಿ ತೋಟಕ್ಕೆ ಹಾಕಬಹುದು. ಆದರೆ ಗುಂಡಿ ಖಾಲಿ ಮಾಡುವುದು ಇಂಥವರ ಕೆಲಸವೆಂದು ಶತಮಾನಗಳಿಂದ ಗೊತ್ತುಮಾಡಿಟ್ಟಿರುವ ದೇಶದಲ್ಲಿ ಅದನ್ನು ಯಾರು ಮುಟ್ಟುತ್ತಾರೆ? 2013-14ರಲ್ಲಿ ಉತ್ತರ ಭಾರತದ ಐದು ರಾಜ್ಯಗಳ ಹಳ್ಳಿಗಳಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ, ಬಳಸಲು ಯೋಗ್ಯವಾದ ಶೌಚಾಲಯವಿದ್ದ ಮನೆಗಳಲ್ಲಿಯೂ ಶೇಕಡಾ 40ಕ್ಕಿಂತ ಹೆಚ್ಚು ಕಡೆ ಒಬ್ಬರಾದರೂ ಬಯಲಿಗೇ ಹೋಗುತ್ತಿದ್ದರು. ಗುಂಡಿ ಬೇಗ ತುಂಬಿಬಿಡುತ್ತದೆ, ತುಂಬಿದ ಮೇಲೆ ಏನು ಮಾಡುವುದೆಂಬ ಭಯ ಅದರ ಹಿಂದಿನ ದೊಡ್ಡ ಕಾರಣಗಳಲ್ಲೊಂದು. ನನ್ನಂಥ ವಿಚಾರವಂತ ಹೆದರಬೇಕಾಗಿಲ್ಲ, ಗಾಡಿಗೆ ಫೋನ್ ಮಾಡುತ್ತಾನೆ.

ಆ ಇಬ್ಬರಲ್ಲಿ ಒಬ್ಬ ಮರುದಿನ ಟ್ಯಾಂಕಿನ ಚಪ್ಪಡಿ ಸರಿಮಾಡಲು ಮತ್ತೆ ಬಂದ. ಈ ಸಲ ನಾನು ಸಿದ್ಧನಾಗಿದ್ದೆ, ಕೈಯನ್ನು ಕಾದುಕೊಂಡು ಸ್ಟೀಲ್ ಲೋಟದಲ್ಲಿಯೇ ಕಾಫಿ ಕೊಟ್ಟೆ. ಅವನು ಕುಡಿದು, ಯಾರೂ ಹೇಳದೆಯೇ ಅಂಗಳದ ನಲ್ಲಿಯಲ್ಲಿ ಲೋಟವನ್ನು ತೊಳೆದು, ಜಗಲಿಯ ಅಂಚಿನಲ್ಲಿ ಬೋರಲಾಗಿ ಇಟ್ಟು ಹೋದ. ಅವನ ಕೈಗೂ ಒಂದು ಗುರುಕುಲ ಆಗಿದೆಯಲ್ಲ. ನಾನು ಅದನ್ನು ಒಳಗೆ ತಂದು ಸೋಪು ಹಾಕಿ ಇನ್ನೊಮ್ಮೆ ತೊಳೆದೆ. ಬ್ಯಾಂಕ್ ಅಧಿಕಾರಿಗಳ ಲೋಟವನ್ನು ನೀರಿನಲ್ಲಿ ಜಾಲಾಡಿಸಿದ್ದು ಬಿಟ್ಟರೆ ಹೆಚ್ಚೇನೂ ಮಾಡಿರಲಿಲ್ಲವೆಂಬುದು ನಡುವೆ ನೆನಪಾಯಿತು. ಲೋಟವನ್ನು ಉಳಿದವುಗಳ ಸಾಲಿನಲ್ಲಿಯೇ ಇಟ್ಟೆ. ಆಮೇಲೆ ಪ್ರತಿ ಬೆಳಗ್ಗೆ ಕೈ ಅದನ್ನು ಬಿಟ್ಟು ಪಕ್ಕದ್ದಕ್ಕೆ ಹೋಗುತ್ತಿತ್ತು. ಆರು ಲೋಟಗಳೂ ಒಂದೇ ಅಂಗಡಿಯವು, ಬೇರೆಯವರಿಗೆ ಗುರುತು ಹತ್ತಲಾರದು, ನನ್ನ ಕೈಗೆ ಗೊತ್ತಿತ್ತು. ರೋಜಿನ್ನರ ಪ್ರಯೋಗಶಾಲೆಯಲ್ಲಿ ಲೋಟದೊಳಗೆ ಅದ್ದಿದ್ದು ಜಿರಲೆಯನ್ನು. ನನ್ನ ಅಡುಗೆಮನೆಯಲ್ಲಿ ಆ ಲೋಟವನ್ನು ಹಿಡಿದದ್ದು ಒಬ್ಬ ಮನುಷ್ಯ. ನನ್ನ ಕೈ ಎರಡನ್ನೂ ಒಂದೇ ಲೆಕ್ಕಕ್ಕೆ ಬರೆದುಕೊಂಡಿತ್ತು. ಈ ವಾಕ್ಯ ಬರೆಯಬೇಕೆಂದು ನಾನು ಈ ಪತ್ರವನ್ನು ಶುರು ಮಾಡಿರಲಿಲ್ಲ, ನಿನ್ನ ಸಿಯಾಟಲನ್ನು ಹಂಗಿಸಿ ಮುಗಿಸಬೇಕೆಂದಿದ್ದೆ. ಇನ್ನೂ ಒಂದು ಉಳಿದಿದೆ, ಅದನ್ನೂ ಬರೆದುಬಿಡುತ್ತೇನೆ. ಅವನು ಲೋಟ ತೊಳೆದು ಬೋರಲಿಟ್ಟಾಗ ನನಗಾದದ್ದು ಬೇಸರವಾಗಿದ್ದರೆ ಚೆನ್ನಾಗಿತ್ತು. ಆದದ್ದು ಹಗುರ.

ಇರಲಿ. ಉಪದೇಶಕ್ಕೆ ಇಳಿದರೆ ನೀನು ಮೂರನೆಯ ಇಡ್ಲಿಯ ಸಿದ್ಧಾಂತವನ್ನು ಹೊರತೆಗೆಯುತ್ತೀಯೆ, ಆದ್ದರಿಂದ ನಿನ್ನ ಕಾನೂನಿನ ಪ್ರಶ್ನೆಗೇ ವಾಪಸು ಬರುತ್ತೇನೆ. ನಿನ್ನ ಕತೆಯನ್ನೇ ತೆಗೆದುಕೋ. ನೀನು ಮಾನಸಗಂಗೋತ್ರಿಯ ಹಾಸ್ಟೆಲಿಗೆ ಬಂದ ಮೊದಲ ವಾರ, ಮೆಸ್ಸಿನ ತಟ್ಟೆಗಳನ್ನು ಯಾರು ಯಾರು ಬಳಸುತ್ತಾರೋ ಎಂದು ಬಾಳೆಹಣ್ಣು, ಬ್ರೆಡ್ಡಿನಲ್ಲಿ ಹೊಟ್ಟೆ ತುಂಬಿಸಿಕೊಂಡವನು. ನಿನ್ನನ್ನು ಬದಲಾಯಿಸಿದ್ದು ಲೈಬ್ರರಿಯಲ್ಲ, ಹಸಿವು ಮತ್ತು ಆ ಮೆಸ್ಸಿನ ಉದ್ದ ಮೇಜು. ಅಲ್ಲಿ ಬೇರೆ ತಟ್ಟೆಯ ವ್ಯವಸ್ಥೆಯೇ ಇರಲಿಲ್ಲ, ಮತ್ತು ನಮ್ಮ ಪಕ್ಕ ಕೂತವನು ಪರೀಕ್ಷೆಯಲ್ಲಿ ನಮಗಿಂತ ಮುಂದಿದ್ದ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮ್ಯಾಥ್ಯೂ ಲೋ ಎಂಬ ಅರ್ಥಶಾಸ್ತ್ರಜ್ಞ ಬೇರೆ ಬೇರೆ ಜಾತಿಯ ನೂರಾರು ತರುಣರನ್ನು ಕೂಡಿಸಿ ಕ್ರಿಕೆಟ್ ಲೀಗುಗಳನ್ನು ಆಡಿಸಿದ. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿ ಮಾತ್ರ ಸಂಧಿಸಿದವರಲ್ಲಿ ಅದು ಕುಗ್ಗಿತು. ಸಿರಿವಂತರ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇಕಡಾ 20 ಸೀಟು ಕೊಡಬೇಕೆಂದು ದೆಹಲಿಯಲ್ಲಿ 2007ರಿಂದ ಕಡ್ಡಾಯವಾದ ಮೇಲೆ, ಅಂಥ ತರಗತಿಯ ಶ್ರೀಮಂತ ಮಕ್ಕಳು ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸುವಾಗ ಬಡವರನ್ನು ದೂರವಿಡುವುದು ಕಡಿಮೆಯಾಯಿತೆಂದು ಗೌತಮ್ ರಾವ್ ತೋರಿಸಿದ್ದಾರೆ. ಆ ಶಾಲೆಗಳ ಮನಸ್ಸು ಬದಲಾಗಲೆಂದು ಯಾರೂ ಕಾಯಲಿಲ್ಲ. ನಮ್ಮಲ್ಲಿ ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು 1970ರ ದಶಕದ ಆರಂಭದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ನಿಷೇಧಿಸಿದಾಗಲೂ ಊರಿನ ಮನಸ್ಸು ಹಣ್ಣಾಗಲೆಂದು ಕಾದು ಕೂತಿರಲಿಲ್ಲ. ಶಾಲೆಯ ಬಿಸಿಯೂಟಕ್ಕೆ ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ ಆದ್ಯತೆ ಕೊಡಿ ಎಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿದ್ದರ ಹಿಂದೆಯೂ ಇದೇ ವಿವೇಕವಿದೆಯೆಂದು ನಾನು ತಿಳಿದಿದ್ದೇನೆ: ಊಟ ಮೊದಲಾಗಲಿ, ಅಭಿಪ್ರಾಯ ಆಮೇಲೆ ಬರಲಿ.

ಆದರೆ ಮೆಸ್ಸಿನ ಮೇಜು ಎಲ್ಲಿಯವರೆಗೆ ಚಾಚಿದೆ ಎಂಬುದೇ ನನ್ನನ್ನು ಈಗ ಕಾಡುತ್ತಿರುವುದು. ಪಕ್ಕದಲ್ಲಿ ಕೂತು ಉಂಡವರ ವಿಷಯದಲ್ಲಿ ನನ್ನ ಕೈ ಬದಲಾಗಿದೆ, ಅದನ್ನು ನಾನು ಅನುಮಾನಿಸುವುದಿಲ್ಲ. ಗಾಡಿಯವನೂ ನಾನೂ ಯಾವ ತಂಡದಲ್ಲಿಯೂ ಒಟ್ಟಿಗೆ ಆಡಿಲ್ಲ, ಆಡುವ ಸಂಭವವೂ ಕಾಣುವುದಿಲ್ಲ. ನಿನಗೆ ಸಿಯಾಟಲಿನಲ್ಲಿ ನಿನ್ನ ಮನಸ್ಸು ಬದಲಾಗಿದೆಯೆಂದು ಅನ್ನಿಸುವುದಕ್ಕೆ, ಅಲ್ಲಿ ಅದನ್ನು ಪರೀಕ್ಷಿಸುವವರು ಇನ್ನೂ ನಿನ್ನ ಅಡುಗೆಮನೆಗೆ ಬಂದಿಲ್ಲವೆಂಬುದೂ ಒಂದು ಕಾರಣವಾಗಿರಬಹುದು. ಇದನ್ನು ಚುಚ್ಚಲೆಂದು ಬರೆಯಲಿಲ್ಲ. ಸ್ವಲ್ಪ ಚುಚ್ಚಿದರೆ ಬೇಡವೆನ್ನುವುದೂ ಇಲ್ಲ.

ಲೋಟದ ಸದ್ಯದ ಸಮಾಚಾರ ಹೀಗಿದೆ. ಕೆಲವು ದಿನಗಳಿಂದ ಅದನ್ನು ನಾನೇ ನನ್ನದೆಂದು ಗೊತ್ತುಮಾಡಿಕೊಂಡು ಅದರಲ್ಲಿಯೇ ಕುಡಿಯುತ್ತಿದ್ದೇನೆ. ಇದನ್ನು ಕೇಳಿ ಕ್ರಾಂತಿಯೆಂದು ಹಾರ ತರಬೇಡ, ಎತ್ತಿಯೇ ಕುಡಿಯುತ್ತೇನೆ. ಊರಿನಿಂದ ಬಂದ ಹೆಂಡತಿ, ಆರು ಲೋಟಗಳಲ್ಲಿ ಇದೊಂದಕ್ಕೆ ಮಾತ್ರ ಯಾಕಿಷ್ಟು ಉಪಚಾರವೆಂದು ವಿಚಾರಿಸಿ, ಇಡೀ ವೃತ್ತಾಂತವನ್ನು ಕೇಳಿ, ಹಾಗಾದರೆ ಇನ್ನು ಮೇಲೆ ಅದನ್ನು ದಿನವೂ ತೊಳೆಯುವ ಕೆಲಸವೂ ನಿಮ್ಮದೇ ಎಂದು ತೀರ್ಪು ಕೊಟ್ಟಿದ್ದಾಳೆ. ಹೀಗೆ ಮನೆಯಲ್ಲಿ ಈಗ ಒಂದು ಬೇರೆ ಲೋಟ ಮತ್ತೆ ಸ್ಥಾಪನೆಯಾಗಿದೆ, ಅದು ನನ್ನದೇ.

ನಿನ್ನ ಅಕ್ಕ ಇದನ್ನು ಖಂಡಿತ ಓದುತ್ತಾರೆ, ಓದಿ ರಾತ್ರಿಯೊಳಗೆ ಫೋನ್ ಮಾಡುತ್ತಾರೆ. ಹೋದ ವಾರ ಅವರು ನಮ್ಮಲ್ಲಿಗೆ ಬಂದಿದ್ದಾಗ ಕಾಫಿ ತಂದುಕೊಟ್ಟವನು ನಾನು, ಆಗ ಲೋಟಗಳು ಇನ್ನೂ ಬೆರೆತೇ ಇದ್ದವು. ಅವರ ಮಡಿ ನಿನಗೆ ಗೊತ್ತಲ್ಲ. ಏನು ಹೇಳಬೇಕೆಂಬುದನ್ನು ಅವರಿಗಿಂತ ಮೊದಲು ನೀನು ಫೋನ್ ಮಾಡಿ ತಿಳಿಸು.

ನಿನ್ನ,
ಮೇಷ್ಟ್ರು